ಬೇಲಿಯಾಚೆಯ ಮೂವರು ಸೈನಿಕರು

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಬೋರಲಿಂಗಯ್ಯನವರನ್ನು ಪೊಲೀಸರು ಹಿಡಿದುಕೊಂಡು ಹೋದರು ಅಂತ ವುಡ್‌ಬ್ರಿಡ್ಜ್ ಕಡೆಯವರು ಹೇಳಿಕೊಂಡು ತಿರುಗುತ್ತಿರುವುದು ಶುದ್ಧ ಸುಳ್ಳು. ಯಾರೂ ಹಿಡಿಯಲಿಲ್ಲ. ಕಾರು ನಿಲ್ಲಿಸಿ, ಗಾಜು ಇಳಿಸಿ, ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದರು, ಅಷ್ಟೇ. ಅವರು ಉತ್ತರ ಕೊಡದೇ ಇದ್ದದ್ದಕ್ಕೆ ಕಾರಣವಿತ್ತು. ಹೆಜ್ಜೆ ಎಣಿಸುತ್ತಿದ್ದರು. ನಡುವೆ ಬಾಯಿ ಬಿಟ್ಟರೆ ಎಣಿಕೆ ತಪ್ಪುತ್ತದೆ. ಕೈ ಮಾತ್ರ ಎತ್ತಿ, ತಡೆಯಿರಿ ಅಂತ ಸನ್ನೆ ಮಾಡಿ, "ಮೂವತ್ತೊಂದು, ಮೂವತ್ತೆರಡು" ಎನ್ನುತ್ತಾ ಬೇಲಿಯ ಮೂಲೆಯವರೆಗೂ ನಡೆದು, ಅಲ್ಲಿ ಒಂದು ಕಡ್ಡಿ ಸಿಕ್ಕಿಸಿ, ಆಮೇಲೆ ತಿರುಗಿ ಪೊಲೀಸರಿಗೆ ನಮಸ್ಕಾರ ಮಾಡಿದರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಅಳಿಯನ ಹಳೇ ಸ್ನೀಕರ್ಸು. ನಾನು ಅವರ ಫ್ಯಾನ್ ಆದದ್ದು ಆ ನಿಮಿಷದಿಂದ.

ಪೊಲೀಸರನ್ನು ಕರೆಸಿದವರು ಮಾರ್ಗರೆಟ್. ಅವರ ಅನುಮಾನಕ್ಕೂ ಅರ್ಥವಿತ್ತು. ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನ ಹೊರಗೆ ಗೋದಾಮುಗಳ ಸಾಲು ಮುಗಿದು ಇನ್ನೂ ಸ್ವಲ್ಪ ಹುಲ್ಲುಗಾವಲು ಉಳಿದಿರುವ ಕಡೆ, ತಂತಿ ಬೇಲಿಯೊಳಗೆ ಒಂದು ಪುಟ್ಟ ಸ್ಮಶಾನವಿದೆ. ಅಮೆರಿಕಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಹತ್ತು ಹನ್ನೆರಡು ವರ್ಷ ಮೊದಲು, ವ್ಯಾನ್‌ಡೈನ್ ಅನ್ನುವ ಮನೆತನದವರು ಇಲ್ಲಿ ಕಾಡು ಕಡಿದು ಹೊಲ ಮಾಡಿದರು. ಮೊದಲ ಚಳಿಗಾಲಕ್ಕೇ ಎರಡು ಮಕ್ಕಳು ಹೋದವು, ಹೊಲದ ಎತ್ತರದ ತುದಿಯಲ್ಲಿ ಹೂತರು. ಹಾಗೆ ಶುರುವಾದ ಜಾಗ. ಆಮೇಲೆ ಅಕ್ಕಪಕ್ಕದ ಹೊಲದವರೂ ತಮ್ಮವರನ್ನು ಇಲ್ಲಿಗೇ ತಂದರು. ಹಳೆಯವು ಕೆಂಪು ಮರಳುಗಲ್ಲು, ಆಮೇಲಿನವು ಬಿಳಿ ಅಮೃತಶಿಲೆ. ಅಕ್ಷರಗಳನ್ನು ಮಳೆ ನೆಕ್ಕಿಬಿಟ್ಟಿದೆ. ಮಾರ್ಗರೆಟ್ ಆ ಮನೆತನದಲ್ಲಿ ಉಳಿದಿರುವ ಒಬ್ಬರೇ, ಎಪ್ಪತ್ತಾರು ವರ್ಷ, ರಿಟೈರ್ ಆದ ಸ್ಕೂಲ್ ಟೀಚರು. ಸ್ಮಶಾನ ಸಂಘದ ಅಧ್ಯಕ್ಷೆ, ಕಾರ್ಯದರ್ಶಿ, ಹುಲ್ಲು ಕತ್ತರಿಸುವವರು ಎಲ್ಲಾ ಅವರೇ. ಹಳೇ ಕಲ್ಲು ಕಂಡರೆ ಕಾರು ನಿಲ್ಲಿಸುವ ಚಟ ನನಗೆ. ಜೆರ್ಸಿ ಸಿಟಿಯಿಂದ ಶನಿವಾರಗಳಂದು ಡ್ರೈವ್ ಮಾಡಿಕೊಂಡು ಹೋಗಿ ಕಲ್ಲು ತೊಳೆದುಕೊಡುತ್ತಿದ್ದೆ. ಅವತ್ತೂ ಬ್ರಷ್ಷು ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ಮಾರ್ಗರೆಟ್ ಬಳಿ ಒಂದು ಪಟ್ಟಿಯಿದೆ, 1890ರಲ್ಲಿ ಊರಿನ ಮಾಜಿ ಸೈನಿಕರು ಕೈಯಲ್ಲಿ ಬರೆದದ್ದು. ಅದರ ಪ್ರಕಾರ ಇಲ್ಲಿ ಎಂಟು ಜನ ಸೈನಿಕರಿದ್ದಾರೆ. ಸ್ವಾತಂತ್ರ್ಯ ಯುದ್ಧದವರು ಇಬ್ಬರು, ಉತ್ತರ ದಕ್ಷಿಣಗಳ ಅಂತರ್ಯುದ್ಧದವರು ಆರು. ಬೇಲಿಯೊಳಗೆ ಸಿಗುವುದು ಐದೇ ಜನರ ಕಲ್ಲು. ಸೈಮನ್, ಎಲಯಸ್, ಟೋಬಿ ಎಂಬ ಮೂವರು ವ್ಯಾನ್‌ಡೈನ್‌ಗಳು ಎಲ್ಲೂ ಇಲ್ಲ. ತಮ್ಮ ಮುತ್ತಜ್ಜನ ದಾಯಾದಿಗಳಿರಬೇಕು ಅಂತ ಮಾರ್ಗರೆಟ್ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರು. ಈಗ ಪಕ್ಕದ ಗೋದಾಮಿನ ಕಂಪನಿಯವರು ಬೇಲಿಯಾಚೆಯ ಹುಲ್ಲುಗಾವಲಿಗೆ ಡಾಂಬರು ಹಾಕಿ ಟ್ರಕ್ಕು ನಿಲ್ಲಿಸಲು ಅರ್ಜಿ ಕೊಟ್ಟಿದ್ದರು. ಆ ಮೂವರು ಬೇಲಿಯಾಚೆ ಇದ್ದರೆ, ಬೇಸಿಗೆಯ ಹೊತ್ತಿಗೆ ಡಾಂಬರಿನ ಕೆಳಗೆ.

ಕಂಪನಿಯ ಎಂಜಿನಿಯರು ಮಯಾಂಕ್ ಅನ್ನುವ ಹುಡುಗ, ಇಲ್ಲೇ ವುಡ್‌ಬ್ರಿಡ್ಜ್‌ನಲ್ಲಿ ಹುಟ್ಟಿದವನು. ಅವನು ನಾಲ್ಕು ಸಲ ಬಂದು ಹೋಗಿದ್ದ. ಹಾಗಾಗಿ ಇನ್ನೊಬ್ಬ ಇಂಡಿಯನ್ ಬೇಲಿ ಸುತ್ತ ಹೆಜ್ಜೆ ಹಾಕುವುದು ಕಂಡಾಗ ಮಾರ್ಗರೆಟ್‌ಗೆ ಸಂಶಯವೇ ಉಳಿಯಲಿಲ್ಲ.

"ಇವರು ಅವನ ಕಡೆಯವರೇ," ಅಂದರು ಅವರು, ಪೊಲೀಸರು ಹೋದ ಮೇಲೆ ನನ್ನ ಪಕ್ಕ ಬಂದು. "ಹೋಗಿ ಕೇಳು, ನಿಮ್ಮ ಭಾಷೆಯಲ್ಲಿ."

ಎಣಿಕೆ ಕೇಳಿಸಿಕೊಂಡಿದ್ದೆನಲ್ಲ, ಭಾಷೆ ಯಾವುದು ಅಂತ ಗೊತ್ತಿತ್ತು. "ಅಂಕಲ್, ಯಾವೂರು?"

"ಮದ್ದೂರು ಕಣಪ್ಪ. ನೀನು?"

"ಮೈಸೂರು. ಮುಕುಂದ್ ಅಂತ. ಇಲ್ಲೇನ್ ಅಳೀತಿದೀರ?"

"ಅಳೀತಿಲ್ಲ. ಅನುಮಾನ ಪಡ್ತಿದೀನಿ." ಸ್ಮಶಾನದ ಬಾಗಿಲ ಕಡೆ ಬೆರಳು ತೋರಿಸಿದರು. "ಅದನ್ನ ನೋಡು. ಕಲ್ಲಿನ ಕಂಬ ನೆಟ್ಟು ಕಬ್ಬಿಣದ ಬಾಗಿಲು ಇಕ್ಕವ್ರೆ. ಅಷ್ಟು ಆಸೆಯಿಂದ ಇಕ್ದೋನು ಮೂಲೇಲಿ ಇಕ್ತಾನಾ? ನಿಮ್ಮನೆ ಬಾಗಿಲು ಮೂಲೇಲೈತಾ?"

"ನಮ್ದು ಅಪಾರ್ಟ್‌ಮೆಂಟು ಅಂಕಲ್. ಮೂಲೇಲೇ ಇದೆ."

"ಅದ ಬುಡು. ಬೇಲಿ ಸರಿಸವ್ರೆ."

ಬೋರಲಿಂಗಯ್ಯನವರು ಮದ್ದೂರು ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದವರು. ಅಂದರೆ ಮೂವತ್ತನಾಲ್ಕು ವರ್ಷ ಅನುಮಾನ ಪಡುವುದೇ ಅವರ ನೌಕರಿ. ಅಣ್ಣ ತಮ್ಮಂದಿರು ಗಡಿಯ ಬಾಂದು ಕಲ್ಲನ್ನು ಒಂದು ಮೊಳ ಸರಿಸಿ, ಅದರ ಸುತ್ತ ಹುಲ್ಲು ಬೇರೆ ನೆಟ್ಟಿರುತ್ತಾರಂತೆ. ಇವರು ಹೋದವರೇ ಕಲ್ಲಿನ ಪಾಚಿ ನೋಡುತ್ತಿದ್ದರು. "ಕಲ್ಲು ಸರಿಸ್ದೋನು ಪಾಚಿ ಯಾವ ಕಡೆ ಇತ್ತು ಅನ್ನೋದ ಮರ್ತಿರ್ತಾನೆ ಕಣಪ್ಪ" ಎಂದು ನನಗೆ ಹೇಳಿಕೊಟ್ಟಿದ್ದಾರೆ. ರಾಬಿನ್ಸ್‌ವಿಲ್‌ಗೆ ಮಗಳು ಹಂಸಾ ಅವರ ಮನೆಗೆ ಬಂದ ಮೊದಲ ತಿಂಗಳೇ, ಹಿತ್ತಲಿನ ಬೇಲಿ ಪಕ್ಕದವರ ಜಾಗಕ್ಕೆ ಏಳು ಇಂಚು ಹೋಗಿದೆ ಎಂದು ಪತ್ತೆ ಮಾಡಿ, ತಾವೇ ಬೆಲ್ಲು ಒತ್ತಿ ಪಕ್ಕದವರಿಗೆ ಹೇಳಿ ಬಂದಿದ್ದರು. ಹಂಸಾ ಆಂಟಿ ಆ ವಿಷಯ ಇನ್ನೂ ಮರೆತಿಲ್ಲ. "ನಿಮ್ಮನ್ನ ವಾಕಿಂಗ್ ಕಳಿಸೋದು ಶುಗರ್ ಇಳೀಲಿ ಅಂತ ಅಪ್ಪ, ಸರ್ವೆ ಮಾಡ್ಲಿ ಅಂತಲ್ಲ" ಅನ್ನುತ್ತಿರುತ್ತಾರೆ.

ಬಾಗಿಲಿನ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಗರೆಟ್ ಕಣ್ಣು ಕಿರಿದು ಮಾಡಿಕೊಂಡು ಅವರನ್ನು ಸುಮಾರು ಹೊತ್ತು ನೋಡಿದರು. ನಂಬಿದರು ಅಂತಲ್ಲ. ಆದರೂ ಮುಂದಿನ ಶನಿವಾರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಕ್ರಯಪತ್ರದ ಜೆರಾಕ್ಸು ತಂದಿದ್ದರು, 1819ನೇ ಇಸವಿಯದು. ಅದರ ಎರಡನೇ ಹಾಳೆ ಕಳೆದುಹೋಗಿತ್ತು. ಮೊದಲ ಹಾಳೆಯಲ್ಲಿ ಬರೆದಿದ್ದದ್ದು ಇಷ್ಟು: ರಸ್ತೆ ತಿರುವಿನ ಕಲ್ಲಿನಿಂದ ಪೂರ್ವಕ್ಕೆ ಹತ್ತು ಚೈನು ಬಂದರೆ ಸ್ಮಶಾನದ ನೈಋತ್ಯ ಮೂಲೆ. ಅಲ್ಲಿಂದ ಪೂರ್ವಕ್ಕೆ ಮೂರು ಚೈನು, ಉತ್ತರಕ್ಕೆ ಎರಡು ಚೈನು.

ಚೈನು, ಅಂದರೆ ಜಮೀನು ಅಳೆಯುವ ಸರಪಳಿ, ಆ ಹೆಸರು ಕಿವಿಗೆ ಬಿದ್ದದ್ದೇ ಬೋರಲಿಂಗಯ್ಯನವರ ಮುಖ ಅರಳಿತು. "ಇವ್ರೂ ಚೈನಲ್ಲೇ ಅಳ್ದವ್ರೆ," ಅಂದರು, ದೂರದ ನೆಂಟ ಸಿಕ್ಕಿದ ಹಾಗೆ.

ಟೇಪು ಹಿಡಿದವರು ನಾವಿಬ್ಬರು, ನಾನು ಮತ್ತು ಅವರ ಮೊಮ್ಮಗಳು ಜಾನ್ವಿ. ಅವಳಿಗೆ ಹದಿನೈದು ವರ್ಷ, ತಾತ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ದಕ್ಷಿಣದ ಬೇಲಿ ತೊಂಬತ್ತೊಂಬತ್ತು ಅಡಿ. ಪಶ್ಚಿಮದ್ದು ಅರವತ್ತಾರು. ನಮ್ಮ ಕಡೆ ಹೊಲ ಗದ್ದೆ ಇರುವವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಒಂದು ಚೈನು ಅಂದರೆ ಮೂವತ್ತಮೂರು ಅಡಿ, ಒಂದು ಚೈನು ಉದ್ದ ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ಮೂರು ಚೈನು ತೊಂಬತ್ತೊಂಬತ್ತು, ಎರಡು ಚೈನು ಅರವತ್ತಾರು. ಪತ್ರಕ್ಕೂ ಬೇಲಿಗೂ ಒಂದಿಂಚು ವ್ಯತ್ಯಾಸವಿಲ್ಲ.

ಬೋರಲಿಂಗಯ್ಯನವರು ಟೇಪು ಸುತ್ತಿಕೊಂಡರು. "ಸರಿಯಾಗೇ ಐತೆ," ಅಂದರು ಬೇಸರದಿಂದ. "ಬೇಲಿ ಯಾರೂ ಸರಿಸಿಲ್ಲ."

ಅಷ್ಟು ಹೊತ್ತಿಗೆ ಮಯಾಂಕ್ ಅಲ್ಲಿಗೆ ಬಂದಿದ್ದ, ಕೈಯಲ್ಲಿ ಕಾಫಿ ಕಪ್ಪು. ಏನಂತೆ ಅಂತ ಜಾನ್ವಿಯನ್ನು ಕೇಳಿದ. ಅವಳು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅವನು ನಗುತ್ತಾ ಅಂಕಲ್ ಕೈ ಕುಲುಕಿದ. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಏಪ್ರಿಲ್ ಕೊನೆಯ ಬುಧವಾರ ಪ್ಲಾನಿಂಗ್ ಬೋರ್ಡಿನ ಸಭೆ. ಅರ್ಜಿಯನ್ನು ಕೇಳಿ ತೀರ್ಮಾನ ಮಾಡುವವರು ಅವರು. ನಮ್ಮ ಅಳತೆಯನ್ನು ಒಪ್ಪದ ಮಾರ್ಗರೆಟ್ ಎದ್ದು, ಬೇಲಿ ಹಿಂದೆ ಸರಿದಿದೆ, ಮೂವರು ಸೈನಿಕರು ಹೊರಗಿದ್ದಾರೆ ಅಂದರು. ಮಯಾಂಕ್ ಮೆಲ್ಲಗೆ, "ಅವರದೇ ಪತ್ರ ಹಿಡಿದು ಅಳೆದ ಸರ್ವೇಯರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಬಹುದು" ಅಂದ. ಎಲ್ಲರೂ ತಿರುಗಿ ನೋಡಿದರು. ಬೋರಲಿಂಗಯ್ಯನವರು ಎದ್ದು ನಿಂತು, ತಮ್ಮ ಇಂಗ್ಲಿಷಿನಲ್ಲಿ, ಅಳತೆ ಪತ್ರದಂತೆಯೇ ಇದೆ ಎಂದು ಹೇಳಿ ಕೂತರು. ಸುಳ್ಳು ಹೇಳಲು ಬರುವುದಿಲ್ಲ ಅವರಿಗೆ. ಬೋರ್ಡಿನವರು ತೀರ್ಮಾನವನ್ನು ಮೂರು ವಾರದ ನಂತರದ ಸಭೆಗೆ ಇಟ್ಟುಕೊಂಡರು. ಆದರೆ ಅಲ್ಲಿದ್ದ ಯಾರಿಗೂ ಅದು ಏನಾಗುತ್ತದೆ ಅನ್ನುವುದರಲ್ಲಿ ಸಂಶಯ ಉಳಿದಿರಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಮಾರ್ಗರೆಟ್ ನನ್ನನ್ನು ತಡೆದರು. "ಮೊದಲ ದಿನವೇ ಹೇಳಿದ್ದೆ, ಅವನ ಕಡೆಯವರು ಅಂತ. ನೀನು ಯಾರ ಕಡೆ?" ಮರುದಿನ ಸ್ಮಶಾನದ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

ನಾಚಿಕೆ ಬಿಟ್ಟು ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಆ ವಾರ ನನಗೂ ಬೋರಲಿಂಗಯ್ಯನವರ ಮೇಲೆ ಅನುಮಾನ ಬಂತು. ಬಾಗಿಲು ಮೂಲೆಯಲ್ಲಿದೆ ಎಂದು ತಲೆಗೆ ಹುಳ ಬಿಟ್ಟವರು, ಅಷ್ಟು ಬೇಗ ಸರಿಯಾಗಿದೆ ಅಂದುಬಿಟ್ಟರಲ್ಲ. ಮಯಾಂಕ್ ಏನಾದರೂ ಹೇಳಿದ್ದನೇ? ಅದನ್ನೇ ಕೇಳಿಬಿಡೋಣ ಅಂತ ಭಾನುವಾರ ಬೆಳಿಗ್ಗೆ ಹಂಸಾ ಆಂಟಿ ಮನೆಗೆ ಹೋದೆ. ಅಂಕಲ್ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು, ತಿನ್ನದೆ, ಪತ್ರದ ಜೆರಾಕ್ಸನ್ನು ನೋಡುತ್ತಾ ಕೂತಿದ್ದರು.

"ನಂಗೆ ನನ್ಮೇಲೇ ಅನುಮಾನ ಮುಕುಂದ," ಅಂದರು, ನಾನು ಬಾಯಿ ತೆರೆಯುವ ಮೊದಲೇ. "ಒಂದು ಮೂಲೆ ನಂಬ್ಕೊಂಡು ಗಡಿ ಹೇಳ್ಬಾರ್ದು. ದೂರದ ಒಂದು ಖಾಯಂ ಗುರ್ತಿಂದ ಅಳ್ಕೊಂಡು ಬರ್ಬೇಕು. ನನ್ ಕೈ ಕೆಳ್ಗಿನ ಹುಡುಗ್ರಿಗೆ ಇದೇ ಬೈತಿದ್ದೆ. ಇಲ್ಲಿ ಲೆಕ್ಕ ಚೆಂದಾಗಿ ಕೂತ್ಕತು, ನಿಲ್ಸ್‌ಬಿಟ್ಟೆ. ರಸ್ತೆ ಕಲ್ಲಿಂದ ಹತ್ತು ಚೈನು ಅಂತ ಬರ್ದವ್ರೆ. ಅದನ್ನ ಅಳೀಲೇ ಇಲ್ಲ."

"ಅಪ್ಪ, ಸಾಕು ಬಿಡಿ," ಅಂದರು ಹಂಸಾ ಆಂಟಿ ಅಡುಗೆಮನೆಯಿಂದ. "ಸಭೇಲಿ ಒಂದು ಮಾತು ಹೇಳಾಯ್ತು. ಈಗ ಇನ್ನೊಂದು ಹೇಳಿದ್ರೆ ಜನ ಏನಂತಾರೆ?"

"ತಪ್ಪು ಹೇಳ್ದ ಅಂತಾರೆ."

ಭಾನುವಾರ ಟ್ರಕ್ಕುಗಳ ಓಡಾಟ ಕಡಿಮೆ. ರಸ್ತೆ ತಿರುವಿನಲ್ಲಿ ಆ ಕಲ್ಲು ಇನ್ನೂ ಇತ್ತು, ಹುಲ್ಲಿನೊಳಗೆ ಮೊಳಕಾಲೆತ್ತರ. ಅವರು ಮೊದಲು ಪಾಚಿ ನೋಡಿದರು. ಸರಿಯಾದ ಕಡೆಯೇ ಇತ್ತು. ಅಲ್ಲಿಂದ ರಸ್ತೆ ಪಕ್ಕದಲ್ಲಿ ನಾನೂ ಜಾನ್ವಿಯೂ ಟೇಪು ಎಳೆದೆವು. ಹತ್ತು ಚೈನು ಅಂದರೆ ಮುನ್ನೂರ ಮೂವತ್ತು ಅಡಿ. ಅಷ್ಟಕ್ಕೆ ನಾವು ಮುಟ್ಟಿದ್ದು ಒಂದು ಮೋರಿಯನ್ನು. ಸ್ಮಶಾನ ಇನ್ನೂ ಅಷ್ಟೇ ದೂರ ಮುಂದಿತ್ತು.

ಬೋರಲಿಂಗಯ್ಯನವರು ಮುಂದೆ ನಡೀರಿ ಅಂತ ಕೈ ತೋರಿಸಿದರು. ಬೇಲಿಯ ನೈಋತ್ಯ ಮೂಲೆಯ ಕಂಬ ಮುಟ್ಟಿದಾಗ ಆರುನೂರ ಅರವತ್ತು. ಸರಿಯಾಗಿ ಎರಡರಷ್ಟು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

"ಜಾನ್ವಿ, ನಿನ್ ಫೋನಲ್ಲಿ ನೋಡವ್ವ. ಇಲ್ಲೋರ ಚೈನು ಎಷ್ಟಡಿ?"

"ಸಿಕ್ಸ್ಟಿ ಸಿಕ್ಸ್, ತಾತ."

"ಮೂವತ್ಮೂರಲ್ವಾ?"

"ನೋ. ಸಿಕ್ಸ್ಟಿ ಸಿಕ್ಸ್. ಎವ್ರಿವೇರ್."

ತಾಲ್ಲೂಕು ಕಚೇರಿಯ ಚೈನು ಹಿಡಿದು ಅಮೆರಿಕದ ಸ್ಮಶಾನ ಅಳೆದಿದ್ದರು ನಮ್ಮ ಅಂಕಲ್. ಇಲ್ಲಿನ ಚೈನು ನಮ್ಮದರ ಎರಡರಷ್ಟು. ಹಾಗಾದರೆ ಸ್ಮಶಾನ ಪೂರ್ವಕ್ಕೆ ನೂರ ತೊಂಬತ್ತೆಂಟು ಅಡಿ, ಉತ್ತರಕ್ಕೆ ನೂರ ಮೂವತ್ತೆರಡು ಅಡಿ ಇರಬೇಕು. ಬೇಲಿಯೊಳಗಿರುವುದು ಕಾಲು ಭಾಗ. ಮುಕ್ಕಾಲು ಭಾಗ ಹುಲ್ಲುಗಾವಲಿನಲ್ಲಿದೆ, ಡಾಂಬರು ಬೀಳಲಿರುವ ಕಡೆ. ತೊಂಬತ್ತೊಂಬತ್ತು ಅಡಿಗೆ ಇರುವ ಆ ಬಾಗಿಲು ದಕ್ಷಿಣ ದಿಕ್ಕಿನ ನಟ್ಟನಡುವೆ ಬರುತ್ತದೆ.

ಆಚೆ ಮೂಲೆಯಲ್ಲಿ ಗಡಿ ಕಲ್ಲು ಹೂತುಹೋಗಿದೆಯೇನೋ, ಈಗಲೇ ಹೋಗಿ ಅಗೆದು ನೋಡೋಣ ಅಂದೆ ನಾನು. ಅವರು ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು.

"ಅದು ಕಂಪ್ನಿಯೋರ ಖಾತೆ ಜಮೀನು. ಅಕ್ಕಪಕ್ಕದೋರಿಗೆ ನೋಟೀಸು ಕೊಡ್ದೆ ಕಲ್ಲು ಮುಟ್ಬಾರ್ದು. ಆ ಹುಡುಗನ್ನ ಕರಿ."

"ಮಯಾಂಕ್‌ನಾ? ಅಂಕಲ್, ಅವನಿಗೆ ಮೊದಲೇ ಹೇಳಿದ್ರೆ ರಾತ್ರೋರಾತ್ರಿ ಜೆಸಿಬಿ ತಂದು ಕಲ್ಲು ಎತ್ತಿಸ್ತಾನೆ."

"ಎತ್ತುಸ್ಲಿ. ಗುಂಡಿ ಎತ್ತಕ್ಕಾಯ್ತದಾ? ಆಯಮ್ಮನ್ನೂ ಕರಿ. ಇಬ್ರೂ ಎದ್ರಿಗಿರ್ಬೇಕು."

ಮಾರ್ಗರೆಟ್ ಬರುವುದಿಲ್ಲ ಅಂದರು. ಆಮೇಲೆ ಬಂದರು. ಮಯಾಂಕ್ ಮರುದಿನ ಸಂಜೆ, ಕೆಲಸ ಮುಗಿಸಿಕೊಂಡು ಬಂದ. ನಾನು ಅವನ ಬೂಟು ನೋಡಿದೆ, ಹೊಸ ಮಣ್ಣು ಮೆತ್ತಿದೆಯೇ ಅಂತ. ಇರಲಿಲ್ಲ. ಅವನ ಕಂಪನಿಯ ನಕ್ಷೆಯಲ್ಲಿ ಬೇಲಿಯೇ ಗಡಿ. ಅದಕ್ಕಿಂತ ಹಿಂದಿನದನ್ನು ಯಾರೂ ತೆಗೆದು ನೋಡಿರಲಿಲ್ಲ. ನೂರ ತೊಂಬತ್ತೆಂಟು ಅಡಿ ಅಳೆದ ಜಾಗದಲ್ಲಿ ಬೋರಲಿಂಗಯ್ಯನವರು ಕಬ್ಬಿಣದ ಸರಳು ಚುಚ್ಚಿದರು. ಮಣ್ಣು. ಒಂದಡಿ ಆಚೆ ಚುಚ್ಚಿದರು. ಮಣ್ಣು. ಮಾರ್ಗರೆಟ್ ಕೈಕಟ್ಟಿ ನಿಂತಿದ್ದರು. ಐದನೇ ಸಲ ಮೊಳದಾಳದಲ್ಲಿ ಸರಳು ಠಣ್ ಅಂತ ನಿಂತಿತು. ಮಯಾಂಕ್ ಪಕ್ಕದಲ್ಲಿದ್ದ ಸಲಿಕೆ ತೆಗೆದುಕೊಂಡು ತಾನೇ ಅಗೆದ. ಚೌಕಾಕಾರದ ಕೆಂಪು ಕಲ್ಲು. ಮೇಲೆ ಉಳಿಯಲ್ಲಿ ಕೊರೆದ ಒಂದು ಗೆರೆ, ಅಡ್ಡ ಇನ್ನೊಂದು ಗೆರೆ.

"ಹಾಗಾದರೆ ಬೇಲಿ ಒಳಗೆ ತಂದದ್ದು ಯಾರು?" ಅಂದೆ ಮಯಾಂಕ್ ಕಡೆ ನೋಡುತ್ತಾ. ಅನುಮಾನದ ಚಟ ಹೋಗಬೇಕಲ್ಲ.

ಉತ್ತರ ಕೊಟ್ಟವರು ಮಾರ್ಗರೆಟ್. "ಬೇಲಿ ಹಾಕಿಸಿದ್ದು ನನ್ನ ಅಜ್ಜ. ನಾನು ಹುಟ್ಟುವ ಮೊದಲು. ಇದೆಲ್ಲಾ ಆಗ ಅವರ ಆಲೂಗಡ್ಡೆ ಹೊಲ. ಟ್ರ್ಯಾಕ್ಟರು ತಿರುಗಿಸಲು ಜಾಗ ಬೇಕಿತ್ತು ಅನ್ನುತ್ತಿದ್ದರು ಮನೆಯಲ್ಲಿ. ಅದು ಈ ಜಾಗ ಅಂತ ನಾನು ಅಂದುಕೊಂಡಿರಲಿಲ್ಲ."

ಬೋರಲಿಂಗಯ್ಯನವರು ಸುಮ್ಮನಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಕೇಳು ಅಂದರು. "ಐದು ಜನ ಸೈನಿಕ್ರು ಒಳಗೆ ಉಳುದ್ರು. ಆ ಮೂವರೇ ಯಾಕೆ ಹೊರಗೆ? ಸ್ವಂತ ದಾಯಾದಿಗಳ ಮೇಲೆ ಯಾರೂ ಆಲೂಗಡ್ಡೆ ಬೆಳ್ಯಲ್ಲ. ನಮ್ಮೂರ ನಕ್ಷೇಲಿ ಸ್ಮಶಾನ ಮೂರು ಇದ್ವು ಕಣಪ್ಪ, ಒಂದೊಂದು ಜಾತಿಗೆ ಒಂದೊಂದು. ಕೊನೇದಕ್ಕೆ ಕಲ್ಲೂ ಇರ್ತಿರ್ಲಿಲ್ಲ, ಬೇಲೀನೂ ಇರ್ತಿರ್ಲಿಲ್ಲ. ಅಂಥದ್ನ ಉಳೋದು ಸಲೀಸು. ಇವ್ರದ್ದು ಯಾವ ಪಡೆ, ನೋಡು."

ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಪಡೆಯ ನಂಬರಿತ್ತು. ನಾನು ಅಷ್ಟು ದಿನ ಕಲ್ಲು ತೊಳೆದವನು ಅದನ್ನು ಹುಡುಕಿರಲಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ನೋಡಿದೆ. ಆ ಮೂವರದ್ದೂ ಒಂದೇ ಪಡೆ, ಅಂತರ್ಯುದ್ಧದಲ್ಲಿ ಕಪ್ಪು ಜನರನ್ನು ಸೇರಿಸಿ ಕಟ್ಟಿದ್ದು. ವ್ಯಾನ್‌ಡೈನ್ ಎಂಬ ಹೆಸರು ಅವರಿಗೆ ಬಂದದ್ದು ರಕ್ತದಿಂದಲ್ಲ. ಈ ಹೊಲದಲ್ಲಿ ಗುಲಾಮರಾಗಿ ದುಡಿದವರ ಮಕ್ಕಳಿಗೆ ಯಜಮಾನರ ಮನೆಯ ಹೆಸರೇ ಅಂಟಿಕೊಂಡಿತ್ತು. ನ್ಯೂಜೆರ್ಸಿಯಲ್ಲೂ ಗುಲಾಮರಿದ್ದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ.

ಮಾರ್ಗರೆಟ್‌ಗೆ ಅದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಫೋನು ಇಸಿದುಕೊಂಡು ಎರಡು ಸಲ ಓದಿದರು. "ಇಪ್ಪತ್ತು ವರ್ಷ ನಮ್ಮವರು ಅಂತ ಹುಡುಕಿದೆ," ಅಂದರು. ಫೋನು ನನಗೆ ವಾಪಸು ಕೊಟ್ಟು, "ಹಾಗಂತ ನಿಲ್ಲಿಸಬೇಕಾ?" ಅಂತ ಬೋರಲಿಂಗಯ್ಯನವರನ್ನು ಕೇಳಿದರು. ಅದು ಅವರಿಗೆ ಅರ್ಥವಾಯಿತೋ ಇಲ್ಲವೋ, ಟೇಪಿನ ತುದಿಯನ್ನು ಮಾರ್ಗರೆಟ್ ಕೈಗೆ ಕೊಟ್ಟು ಉತ್ತರದ ಕಡೆ ನಡೆದರು.

ಮೇ ತಿಂಗಳ ಸಭೆಗೆ ಕಂಪನಿಯ ವಕೀಲರು ಬಂದಿದ್ದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ಮೂರು ವಾರದ ಹಿಂದೆ ಇದೇ ಮನುಷ್ಯ ಬೇಲಿ ಸರಿಯಾಗಿದೆ ಅಂದರು. ಈಗ ತಪ್ಪು ಅನ್ನುತ್ತಿದ್ದಾರೆ. ಯಾವುದನ್ನು ನಂಬಬೇಕು?" ಹಂಸಾ ಆಂಟಿ ನನ್ನ ಪಕ್ಕ ತಲೆ ತಗ್ಗಿಸಿ ಕೂತಿದ್ದರು.

ಬೋರಲಿಂಗಯ್ಯನವರು ಈ ಸಲ ಕನ್ನಡದಲ್ಲೇ ಮಾತಾಡಿದರು. ಒಂದೊಂದೇ ಸಾಲನ್ನು ಜಾನ್ವಿ ಇಂಗ್ಲಿಷಿಗೆ ತಿರುಗಿಸಿದಳು. "ನನ್ನನ್ನ ನಂಬ್ಬೇಡಿ. ನಾನು ನಮ್ಮೂರ ಚೈನಲ್ಲಿ ಅಳ್ದು ತಪ್ಪು ಹೇಳ್ದೆ. ತಪ್ಪು ನಂದು, ಬರ್ಕೊಳಿ. ಕಲ್ಲು ಅಲ್ಲೇ ಐತೆ. ನಿಮ್ ಸರ್ವೇಯರ್ನ ಕಳ್ಸಿ, ಅವ್ರು ರಸ್ತೆಯಿಂದ ಅಳೀಲಿ."

ವಕೀಲರು ಮಯಾಂಕ್ ಕಡೆ ತಿರುಗಿ, ಆ ಕಲ್ಲಿನ ವಿಷಯ ನಿಮಗೇನಾದರೂ ಗೊತ್ತಾ ಎಂದು ಕೇಳಿದರು. ಇಲ್ಲ ಅನ್ನುತ್ತಾನೆ ಅಂತ ನಾನು ಕಾಯುತ್ತಿದ್ದೆ. "ಅದನ್ನು ಅಗೆದವನು ನಾನೇ," ಅಂದ ಅವನು. "ಫೋಟೋ ಕೂಡ ಇದೆ."

ಬೋರ್ಡಿನವರು ಆ ಮುಕ್ಕಾಲು ಭಾಗವನ್ನು ಅರ್ಜಿಯಿಂದ ಹೊರಗಿಟ್ಟರು. ಜೂನಿನಲ್ಲಿ ಲೈಸೆನ್ಸ್ ಇರುವ ಸರ್ವೇಯರು ಬಂದು ಅಳೆದರು, ಅಂಕಲ್ ಹೇಳಿದ್ದಕ್ಕೂ ಅವರದ್ದಕ್ಕೂ ನಾಲ್ಕು ಇಂಚು ವ್ಯತ್ಯಾಸ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರದ ಹಾಗೆ ತಳ್ಳಿಕೊಂಡು ಹೋಗುವ ರೇಡಾರ್ ತಂದು ಭೂಮಿಯೊಳಗೆ ನೋಡಿದರು. ಹನ್ನೊಂದು ಗುಂಡಿಗಳಿವೆ, ಒಂದಕ್ಕೂ ಕಲ್ಲಿಲ್ಲ. ಸೈಮನ್, ಎಲಯಸ್, ಟೋಬಿ ಅದರಲ್ಲಿ ಯಾವ ಮೂರು ಅಂತ ಯಾರೂ ಹೇಳಲಾರರು. ಉಳಿದ ಎಂಟು ಯಾರದ್ದು ಅಂತಲೂ ಗೊತ್ತಿಲ್ಲ. ಹನ್ನೊಂದರ ಸುತ್ತಲೂ ಈಗ ಹೊಸ ಬೇಲಿ ಬಂದಿದೆ. ಆ ಪಡೆಯವರ ಮರಿಮಕ್ಕಳು ಪಕ್ಕದ ಟ್ರೆಂಟನ್ ಕಡೆ ಯಾರಾದರೂ ಇದ್ದಾರೆಯೇ ಎಂದು ಮಾರ್ಗರೆಟ್ ಚರ್ಚುಗಳಿಗೆ ಕಾಗದ ಬರೆಯುತ್ತಿದ್ದಾರೆ.

ನೀವು ಅಲ್ಲಿನ ದೊಡ್ಡ ದೇವಸ್ಥಾನ ನೋಡಲು ಅಂತ ಹೇಗೂ ರಾಬಿನ್ಸ್‌ವಿಲ್‌ಗೆ ಹೋಗುತ್ತೀರಿ. ಶನಿವಾರ ಬೆಳಿಗ್ಗೆ ಹತ್ತರೊಳಗೆ ಹೋಗಿ, ಗೋದಾಮುಗಳನ್ನು ದಾಟಿ ಎಡಕ್ಕೆ ತಿರುಗಿ. ಬೋರಲಿಂಗಯ್ಯನವರು ಅಲ್ಲೇ ಇರುತ್ತಾರೆ, ಮಾರ್ಗರೆಟ್ ಜೊತೆ ಫ್ಲಾಸ್ಕಿನ ಕಾಫಿ ಕುಡಿಯುತ್ತಾ. ನಿಮ್ಮ ಊರು, ನಿಮ್ಮ ತಂದೆ ಹೆಸರು, ಇಲ್ಲಿಗೆ ಯಾಕೆ ಬಂದಿರಿ ಎಲ್ಲಾ ವಿಚಾರಿಸುತ್ತಾರೆ, ಹೇಳಿದ್ದನ್ನು ತಕ್ಷಣ ನಂಬುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ಗಂಟೆ ಕೂತು ಮಾತಾಡಿಸಿ ಬನ್ನಿ.